ಕಾಣದ್ದನ್ನು ಕಾಣಿಸಿಕೊಟ್ಟ ರಾಂಟ್ಜೆನ್

ಕಡಲೆಕಾಯಿ ಸುಗ್ಗಿಯಲ್ಲಿ ನೀವು ಒಂದು ಆಟ ಆಡಿರಬಹುದು. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುವುದು. ಒಳಗೆ ಬೀಜ ಒಂದಿದೆಯೋ, ಎರಡಿದೆಯೋ, ಬರೀ ಜೊಳ್ಳೋ ಎಂದು ಊಹಿಸುವುದು. ಆಮೇಲೆ ಕಾಯಿ ಒಡೆದು ನೋಡುವುದು. ಊಹೆ ಸರಿಯಾದರೆ ಬೀಜ ನಿಮ್ಮ ಪಾಲಿಗೆ! ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದ ಕಡೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕಡಲೆಕಾಯಿಯನ್ನಾದರೆ ಒಡೆದು ನೋಡಬಹುದು. ಆದರೆ ನಿಮ್ಮ ದವಡೆಯೊಳಗೆ ಏನಿದೆ ಎಂದು ನೋಡುವುದು ಹೇಗೆ? ಹಾಲುಹಲ್ಲು ಬಿದ್ದು ವರ್ಷ ಕಳೆದರೂ ಆ ಜಾಗದಲ್ಲಿ ಹೊಸ ಹಲ್ಲು ಹುಟ್ಟಿಲ್ಲ ಎಂದುಕೊಳ್ಳಿ. ಒಸಡಿನ ಕೆಳಗೆ ಹಲ್ಲು ಇದೆಯೇ? ಇದ್ದರೆ ಅಡ್ಡವಾಗಿ ಮಲಗಿದೆಯೇ? ಅಥವಾ ಅಲ್ಲಿ ಹಲ್ಲಿನ ಮೊಳಕೆಯೇ ಇಲ್ಲವೇ? ಒಸಡನ್ನು ಕೊಯ್ಯದೆ, ಮೂಳೆಯನ್ನು ಕೊರೆಯದೆ ಇದಕ್ಕೆ ಉತ್ತರ ಹೇಳುವ ಉಪಾಯ 1895ರವರೆಗೆ ಜಗತ್ತಿನ ಯಾವ ವೈದ್ಯರ ಬಳಿಯೂ ಇರಲಿಲ್ಲ.

ಇಂದು ಇದೆ. ಹಲ್ಲಿನ ವೈದ್ಯರು ನಿಮ್ಮನ್ನು ಒಂದು ಯಂತ್ರದ ಮುಂದೆ ನಿಲ್ಲಿಸುತ್ತಾರೆ. ಯಂತ್ರದ ತೋಳು ನಿಮ್ಮ ತಲೆಯ ಸುತ್ತ ಒಮ್ಮೆ ತಿರುಗುತ್ತದೆ. ಮೇಲಿನ ದವಡೆ, ಕೆಳಗಿನ ದವಡೆ, ಹುಟ್ಟಿದ ಹಲ್ಲು, ಹುಟ್ಟಬೇಕಾದ ಹಲ್ಲು ಎಲ್ಲವೂ ಒಂದೇ ಚಿತ್ರದಲ್ಲಿ ಮೂಡುತ್ತವೆ. ಇದನ್ನು ಪನೋರಮಿಕ್ ಎಕ್ಸ್-ರೇ ಎನ್ನುತ್ತಾರೆ. ವೈದ್ಯರು ಚುಟುಕಾಗಿ ಓಪಿಜಿ ಎನ್ನುವುದೂ ಉಂಟು.

ಈ ಚಿತ್ರದ ಹಿಂದೆ ಒಬ್ಬ ವಿಜ್ಞಾನಿಯ ಕಥೆ ಇದೆ. ಅವರು ಹಲ್ಲಿನ ವೈದ್ಯರಲ್ಲ, ಯಾವ ಬಗೆಯ ವೈದ್ಯರೂ ಅಲ್ಲ. ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗನೊಬ್ಬ ಮುಂದೆ ಭೌತವಿಜ್ಞಾನಿಯಾದ ಕಥೆ ಅದು. ಅವರೇ ವಿಲ್‌ಹೆಲ್ಮ್ ಕಾನ್ರಾಡ್ ರಾಂಟ್ಜೆನ್. ಬನ್ನಿ, ಅವರ ಬಗ್ಗೆ ತಿಳಿಯೋಣ.

ಬಟ್ಟೆ ವ್ಯಾಪಾರಿಯ ಮಗ

ರಾಂಟ್ಜೆನ್ ಹುಟ್ಟಿದ್ದು 1845ರ ಮಾರ್ಚ್ 27ರಂದು, ಜರ್ಮನಿಯ ಲೆನೆಪ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಬಟ್ಟೆಯ ವ್ಯಾಪಾರಿ. ತಂದೆ ತಾಯಿಗೆ ಇವರೊಬ್ಬರೇ ಮಗ. ಮಗುವಿಗೆ ಮೂರು ವರ್ಷವಾದಾಗ ಕುಟುಂಬವು ನೆರೆಯ ನೆದರ್‌ಲ್ಯಾಂಡ್ಸ್ ದೇಶದ ಅಪೆಲ್‌ಡೋರ್ನ್ ಎಂಬ ಊರಿಗೆ ಹೋಗಿ ನೆಲೆಸಿತು.

ಬಾಲಕ ರಾಂಟ್ಜೆನ್ ತರಗತಿಗೇ ಮೊದಲಿಗನೇನೂ ಆಗಿರಲಿಲ್ಲ. ಅವನಿಗೆ ಕಾಡು, ಬಯಲು ಸುತ್ತುವುದೆಂದರೆ ಬಲು ಇಷ್ಟ. ಕೈಯಲ್ಲಿ ಏನಾದರೂ ಯಂತ್ರ ಮಾಡುವುದೆಂದರೆ ಇನ್ನೂ ಇಷ್ಟ. ಈ ಕೈಚಳಕ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಮುಂದೆ ದೊಡ್ಡ ಪ್ರಾಧ್ಯಾಪಕರಾದ ಮೇಲೂ ತಮ್ಮ ಪ್ರಯೋಗಕ್ಕೆ ಬೇಕಾದ ಉಪಕರಣಗಳನ್ನು ಎಷ್ಟೋ ಸಲ ತಾವೇ ತಯಾರಿಸಿಕೊಳ್ಳುತ್ತಿದ್ದರು.

ಹೆಸರು ಹೇಳದ ಹುಡುಗ

ಮುಂದೆ ಅವರು ಉಟ್ರೆಕ್ಟ್ ನಗರದ ತಾಂತ್ರಿಕ ಶಾಲೆಗೆ ಸೇರಿದರು. ಅಲ್ಲಿ 1863ರಲ್ಲಿ ಒಂದು ಘಟನೆ ನಡೆಯಿತು. ತರಗತಿಯಲ್ಲಿ ಯಾರೋ ಒಬ್ಬ ಶಿಕ್ಷಕರ ಅಣಕು ಚಿತ್ರ ಬರೆದಿದ್ದರು. ಅದನ್ನು ಬರೆದವನು ರಾಂಟ್ಜೆನ್ ಅಲ್ಲ, ಅವರ ಸಹಪಾಠಿ. ಬರೆದವರು ಯಾರೆಂದು ಕೇಳಿದಾಗ ರಾಂಟ್ಜೆನ್ ಗೆಳೆಯನ ಹೆಸರು ಹೇಳಲಿಲ್ಲ. ಪರಿಣಾಮವಾಗಿ ಶಾಲೆ ಅವರನ್ನೇ ಹೊರಗೆ ಹಾಕಿತು.

ನೀವೇ ಯೋಚಿಸಿ. ಮಾಡದ ತಪ್ಪಿಗೆ ಶಿಕ್ಷೆ! ಶಾಲೆ ಬಿಟ್ಟದ್ದಷ್ಟೇ ಅಲ್ಲ, ವಿಶ್ವವಿದ್ಯಾಲಯ ಸೇರಲು ಬೇಕಾದ ಪ್ರಮಾಣಪತ್ರವೂ ಅವರಿಗೆ ಸಿಗಲಿಲ್ಲ. ಒಂದು ಕಾಗದ ಇಲ್ಲದ ಕಾರಣ ಮುಂದಿನ ಬಾಗಿಲುಗಳೆಲ್ಲ ಮುಚ್ಚಿದಂತಾಯಿತು.

ಒಂದು ಬಾಗಿಲು ಮಾತ್ರ ತೆರೆದಿತ್ತು. ಸ್ವಿಟ್ಜರ್‌ಲ್ಯಾಂಡಿನ ಜೂರಿಕ್ ನಗರದ ಪಾಲಿಟೆಕ್ನಿಕ್‌ನಲ್ಲಿ ಆ ಪ್ರಮಾಣಪತ್ರ ಇಲ್ಲದವರಿಗೂ ಸೇರಲು ಅವಕಾಶವಿತ್ತು. 1865ರಲ್ಲಿ ರಾಂಟ್ಜೆನ್ ಅಲ್ಲಿ ಯಂತ್ರ ಎಂಜಿನಿಯರಿಂಗ್ ಕಲಿಯಲು ಸೇರಿದರು. 1869ರಲ್ಲಿ ಜೂರಿಕ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿಯನ್ನೂ ಪಡೆದರು. ಆಗಸ್ಟ್ ಕುಂಟ್ ಎಂಬ ಭೌತವಿಜ್ಞಾನಿ ಅವರ ಗುರುಗಳಾದರು. ಎಂಜಿನಿಯರ್ ಆಗಬೇಕಾಗಿದ್ದ ಯುವಕ ಗುರುಗಳ ಪ್ರಭಾವದಿಂದ ಭೌತವಿಜ್ಞಾನದತ್ತ ತಿರುಗಿದರು. ಆ ನಗರದಲ್ಲೇ ಅನ್ನಾ ಬರ್ತಾ ಅವರ ಪರಿಚಯವಾಯಿತು. 1872ರಲ್ಲಿ ಇಬ್ಬರೂ ಮದುವೆಯಾದರು.

ಗುರುಗಳೊಂದಿಗೆ ರಾಂಟ್ಜೆನ್ ಜರ್ಮನಿಯ ವೂರ್ಜ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯೂ ಹಳೆಯ ಕಥೆಯೇ. ಶಾಲೆಯ ಪ್ರಮಾಣಪತ್ರ ಇಲ್ಲವೆಂದು ಅವರಿಗೆ ಪಾಠ ಹೇಳುವ ಹುದ್ದೆ ಕೊಡಲಿಲ್ಲ. ಅವರು ಬೇಸರಿಸಿ ಕೂರಲಿಲ್ಲ. ಬೇರೆ ಊರುಗಳಲ್ಲಿ ಕೆಲಸ ಮಾಡಿದರು, ಒಂದಾದ ಮೇಲೊಂದು ಸಂಶೋಧನೆ ನಡೆಸಿದರು. 1888ರಲ್ಲಿ ಅದೇ ವೂರ್ಜ್‌ಬರ್ಗ್ ವಿಶ್ವವಿದ್ಯಾಲಯ ಅವರನ್ನು ಪ್ರಾಧ್ಯಾಪಕರಾಗಿ ಬರಮಾಡಿಕೊಂಡಿತು. 1894ರಲ್ಲಿ ಆ ವಿಶ್ವವಿದ್ಯಾಲಯದ ಮುಖ್ಯಸ್ಥರ ಸ್ಥಾನವೂ ಅವರಿಗೆ ಬಂತು!

ಕತ್ತಲ ಕೋಣೆಯಲ್ಲಿ ಹಸಿರು ಬೆಳಕು

1895ರ ನವೆಂಬರ್ 8, ಶುಕ್ರವಾರ. ರಾಂಟ್ಜೆನ್ ತಮ್ಮ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದರು. ಅವರ ಮುಂದೆ ಗಾಜಿನ ಒಂದು ನಳಿಕೆ. ಅದರೊಳಗಿನ ಗಾಳಿಯನ್ನು ಬಹುಪಾಲು ಹೊರತೆಗೆಯಲಾಗಿತ್ತು. ಅಂಥ ನಳಿಕೆಯಲ್ಲಿ ಹೆಚ್ಚಿನ ಒತ್ತಡದ ವಿದ್ಯುತ್ ಹರಿಸಿದರೆ ಏನಾಗುತ್ತದೆ ಎಂಬುದನ್ನು ಆ ಕಾಲದ ಅನೇಕ ವಿಜ್ಞಾನಿಗಳು ಪರೀಕ್ಷಿಸುತ್ತಿದ್ದರು.

ರಾಂಟ್ಜೆನ್ ನಳಿಕೆಯನ್ನು ಕಪ್ಪು ರಟ್ಟಿನಿಂದ ಪೂರ್ತಿ ಮುಚ್ಚಿದರು. ಕೋಣೆಯನ್ನು ಕತ್ತಲು ಮಾಡಿದರು. ವಿದ್ಯುತ್ ಹರಿಸಿ, ಬೆಳಕು ಎಲ್ಲಿಯೂ ಸೋರುತ್ತಿಲ್ಲ ಎಂದು ಖಚಿತ ಮಾಡಿಕೊಂಡರು. ಆಗ ಸ್ವಲ್ಪ ದೂರದಲ್ಲಿ ಏನೋ ಹಸಿರಾಗಿ ಮಿನುಗಿತು. ಅದು ಬೇರಿಯಂ ಪ್ಲಾಟಿನೊಸಯನೈಡ್ ಎಂಬ ರಾಸಾಯನಿಕ ಬಳಿದ ಪರದೆ. ನಳಿಕೆಗೆ ವಿದ್ಯುತ್ ಕೊಟ್ಟರೆ ಪರದೆ ಹೊಳೆಯುತ್ತಿತ್ತು, ನಿಲ್ಲಿಸಿದರೆ ಆರುತ್ತಿತ್ತು.

ನಳಿಕೆಯ ಬೆಳಕು ರಟ್ಟನ್ನು ದಾಟಿ ಬರಲಾರದು. ಹಾಗಾದರೆ ಪರದೆಯನ್ನು ತಲುಪಿದ್ದು ಏನು? ಕಣ್ಣಿಗೆ ಕಾಣದ ಯಾವುದೋ ಹೊಸ ಕಿರಣವೇ ಇರಬೇಕು!

ಇಂಥ ನಳಿಕೆಗಳ ಜೊತೆ ಕೆಲಸ ಮಾಡುತ್ತಿದ್ದವರು ರಾಂಟ್ಜೆನ್ ಒಬ್ಬರೇ ಅಲ್ಲ. ಅವರ ಕೋಣೆಗಳಲ್ಲೂ ಈ ಕಿರಣಗಳು ಹುಟ್ಟುತ್ತಲೇ ಇದ್ದವು. ಆದರೆ ಮೂಲೆಯ ಆ ಸಣ್ಣ ಮಿನುಗನ್ನು ಕಂಡು, ಇದೇನು ಎಂದು ಕೇಳಿಕೊಂಡು, ಉತ್ತರ ಸಿಗುವವರೆಗೆ ಬಿಡದೆ ಕುಳಿತವರು ರಾಂಟ್ಜೆನ್.

ಏಳು ವಾರಗಳ ಗುಟ್ಟು

ಮುಂದಿನ ಏಳು ವಾರ ಅವರು ಯಾರಿಗೂ ಏನೂ ಹೇಳಲಿಲ್ಲ. ಊಟ, ನಿದ್ದೆ ಕೂಡ ಎಷ್ಟೋ ದಿನ ಪ್ರಯೋಗಾಲಯದಲ್ಲೇ. ತಾನು ಕಂಡದ್ದು ನಿಜವೇ, ಎಲ್ಲಾದರೂ ತಪ್ಪಿದೆನೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದರು. ಕಿರಣದ ದಾರಿಗೆ ಒಂದೊಂದೇ ವಸ್ತು ಅಡ್ಡ ಹಿಡಿದರು. ದಪ್ಪ ಪುಸ್ತಕ ಹಿಡಿದರೆ ಕಿರಣ ದಾಟಿತು. ಮರದ ಹಲಗೆ ಹಿಡಿದರೂ ದಾಟಿತು. ಸೀಸದ ತಗಡು ಹಿಡಿದರೆ ಮಾತ್ರ ತಡೆಯಿತು. ಒಂದೂವರೆ ಮಿಲಿಮೀಟರ್ ದಪ್ಪದ ಸೀಸ ಸಾಕಾಗುತ್ತಿತ್ತು.

ಹೀಗೆ ಪರೀಕ್ಷಿಸುವಾಗ ಅವರ ಕೈ ನಳಿಕೆಗೂ ಪರದೆಗೂ ನಡುವೆ ಬಂತು. ಪರದೆಯ ಮೇಲೆ ಕೈಯ ತಿಳಿ ನೆರಳು, ಅದರೊಳಗೆ ಬೆರಳ ಮೂಳೆಗಳ ಗಾಢ ನೆರಳು! ಬದುಕಿರುವ ಮನುಷ್ಯನ ಮೂಳೆ, ಚರ್ಮ ಸೀಳದೆಯೇ ಕಂಡಿತು.

ಡಿಸೆಂಬರ್ 22ರಂದು ಅವರು ಹೆಂಡತಿಯನ್ನು ಪ್ರಯೋಗಾಲಯಕ್ಕೆ ಕರೆದರು. ಅನ್ನಾ ಬರ್ತಾ ಅವರ ಕೈಯನ್ನು ಫೋಟೋ ಫಲಕದ ಮೇಲೆ ಇಡಿಸಿ ಸುಮಾರು ಕಾಲು ಗಂಟೆ ಕಿರಣ ಹಾಯಿಸಿದರು. ಫಲಕವನ್ನು ತೊಳೆದಾಗ ಬೆರಳ ಮೂಳೆಗಳು ಮೂಡಿದ್ದವು. ಒಂದು ಬೆರಳಲ್ಲಿ ಉಂಗುರ ದಟ್ಟವಾಗಿ ಕಾಣುತ್ತಿತ್ತು. ತಮ್ಮದೇ ಮೂಳೆ ಕಂಡು ಆಕೆ ಬೆದರಿದರೆಂದು ಹೇಳುತ್ತಾರೆ.

ಇವು ಎಂಥ ಕಿರಣಗಳೆಂದು ರಾಂಟ್ಜೆನ್‌ಗೆ ಆಗ ತಿಳಿದಿರಲಿಲ್ಲ. ಬೀಜಗಣಿತದಲ್ಲಿ ಗೊತ್ತಿಲ್ಲದ್ದನ್ನು ಎಕ್ಸ್ ಎಂದು ಕರೆಯುತ್ತೀರಲ್ಲವೇ? ಅವರೂ ಹಾಗೆಯೇ ಎಕ್ಸ್ ಕಿರಣ ಎಂದು ಕರೆದರು. ನಮ್ಮ ಪಠ್ಯಪುಸ್ತಕದಲ್ಲಿ ಅದು ಕ್ಷ-ಕಿರಣ. ಬೆಳಕಿನ ಜಾತಿಗೇ ಸೇರಿದ, ಆದರೆ ಅದಕ್ಕಿಂತ ತೀರಾ ಕಿರಿದಾದ ಅಲೆಗಳು ಇವು ಎಂಬುದು ಆಮೇಲೆ ತಿಳಿಯಿತು.

ಮೂಳೆ ಏಕೆ ಕಾಣುತ್ತದೆ?

ಚರ್ಮ, ಮಾಂಸ ಇವುಗಳನ್ನು ಕ್ಷ-ಕಿರಣ ಸುಲಭವಾಗಿ ದಾಟುತ್ತದೆ. ಮೂಳೆ, ಹಲ್ಲುಗಳಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದು ಕಿರಣದ ಬಹುಪಾಲನ್ನು ಹೀರಿಕೊಳ್ಳುತ್ತದೆ. ಕಿರಣ ಬಿದ್ದ ಕಡೆ ಫಿಲ್ಮ್ ಕಪ್ಪಾಗುತ್ತದೆ, ಬೀಳದ ಕಡೆ ಬಿಳಿಯಾಗಿ ಉಳಿಯುತ್ತದೆ. ಆದ್ದರಿಂದ ಎಕ್ಸ್-ರೇ ಚಿತ್ರದಲ್ಲಿ ಹಲ್ಲು ಬೆಳ್ಳಗೆ. ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ಭಾಗ. ಅದು ಇನ್ನೂ ಬೆಳ್ಳಗೆ. ಹುಳುಕು ಹಿಡಿದು ಟೊಳ್ಳಾದ ಜಾಗ ಮಾತ್ರ ಕಪ್ಪು. ಲೋಹ ತುಂಬಿಸಿದ ಹಲ್ಲಿದ್ದರೆ ಆ ಲೋಹ ಎಲ್ಲಕ್ಕಿಂತ ಬಿಳಿ.

ಹಣ ಬೇಡವೆಂದವರು

1895ರ ಡಿಸೆಂಬರ್ 28ರಂದು ರಾಂಟ್ಜೆನ್ ತಮ್ಮ ಲೇಖನವನ್ನು ವೂರ್ಜ್‌ಬರ್ಗ್‌ನ ವಿಜ್ಞಾನ ಸಂಘಕ್ಕೆ ಕೊಟ್ಟರು. ಹೊಸ ವರ್ಷದ ಮೊದಲ ದಿನ ಅದರ ಪ್ರತಿಗಳನ್ನೂ ಚಿತ್ರಗಳನ್ನೂ ಹಲವು ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು. ಕೆಲವೇ ದಿನಗಳಲ್ಲಿ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೆಲವೇ ವಾರಗಳಲ್ಲಿ ವೈದ್ಯರು ಮುರಿದ ಮೂಳೆಗಳನ್ನೂ ದೇಹದಲ್ಲಿ ಸಿಕ್ಕಿಕೊಂಡ ಗುಂಡುಗಳನ್ನೂ ಈ ಕಿರಣದಿಂದ ಹುಡುಕತೊಡಗಿದರು. ನಮ್ಮ ದೇಶದಲ್ಲಿ ಜಗದೀಶಚಂದ್ರ ಬೋಸ್ ಅವರು 19ನೇ ಶತಮಾನ ಮುಗಿಯುವ ಮೊದಲೇ ಕೊಲ್ಕತ್ತದಲ್ಲಿ ಕ್ಷ-ಕಿರಣದ ಪ್ರಯೋಗ ನಡೆಸಿದ್ದರು.

ಇದು ಇಷ್ಟು ಬೇಗ ಹರಡಿದ್ದು ಹೇಗೆ? ಇದಕ್ಕೆ ಒಂದು ಮುಖ್ಯ ಕಾರಣವಿದೆ. ಹೊಸದಾಗಿ ಏನಾದರೂ ಕಂಡುಹಿಡಿದವರು ಅದರ ಹಕ್ಕುಸ್ವಾಮ್ಯ, ಅಂದರೆ ಪೇಟೆಂಟ್, ಪಡೆಯಬಹುದು. ಆಮೇಲೆ ಅದನ್ನು ಬಳಸುವವರೆಲ್ಲ ಅವರಿಗೆ ಹಣ ಕೊಡಬೇಕಾಗುತ್ತದೆ. ರಾಂಟ್ಜೆನ್ ಪೇಟೆಂಟ್ ಪಡೆದಿದ್ದರೆ ದೊಡ್ಡ ಶ್ರೀಮಂತರಾಗುತ್ತಿದ್ದರು. ಅವರು ಪಡೆಯಲಿಲ್ಲ. ತಮ್ಮ ಶೋಧ ಎಲ್ಲ ಮನುಷ್ಯರಿಗೂ ಸೇರಿದ್ದು ಎಂಬುದು ಅವರ ನಿಲುವು. ಆದ್ದರಿಂದ ಯಾರು ಬೇಕಾದರೂ ಯಂತ್ರ ಕಟ್ಟಬಹುದಾಯಿತು, ಯಾವ ವೈದ್ಯರು ಬೇಕಾದರೂ ಬಳಸಬಹುದಾಯಿತು.

1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ರಾಂಟ್ಜೆನ್‌ಗೆ ಸಂದಿತು. ಆ ಹಣವನ್ನೂ ಅವರು ವೂರ್ಜ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ಹೌದು, ಪ್ರಮಾಣಪತ್ರ ಇಲ್ಲವೆಂದು ಒಮ್ಮೆ ತಮ್ಮನ್ನು ತಿರಸ್ಕರಿಸಿದ್ದ ಅದೇ ವಿಶ್ವವಿದ್ಯಾಲಯಕ್ಕೆ!

ಕಿರಣ ಬಾಯಿಯೊಳಗೆ ಹೋಯಿತು

ಈಗ ಹಲ್ಲಿನ ವಿಷಯಕ್ಕೆ ಬರೋಣ. ರಾಂಟ್ಜೆನ್ ಶೋಧದ ಸುದ್ದಿ ಬಂದ ಕೆಲವೇ ದಿನಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ದಂತವೈದ್ಯ ಆಟೋ ವಾಲ್ಕಾಫ್ ಹಲ್ಲಿನ ಎಕ್ಸ್-ರೇ ತೆಗೆಸಿದರು. ಯಾರ ಹಲ್ಲು ಗೊತ್ತೇ? ತಮ್ಮದೇ! ಗಾಜಿನ ಫೋಟೋ ಫಲಕದ ತುಂಡನ್ನು ಕಪ್ಪು ಕಾಗದದಲ್ಲಿ ಸುತ್ತಿ ಬಾಯಲ್ಲಿ ಇಟ್ಟುಕೊಂಡು 25 ನಿಮಿಷ ಅಲುಗಾಡದೆ ಮಲಗಿದ್ದರು. ಇಂದು ಅದೇ ಕೆಲಸಕ್ಕೆ ಒಂದು ಸೆಕೆಂಡೂ ಬೇಡ.

ಆದರೆ ಈ ಕಿರಣಕ್ಕೆ ಇನ್ನೊಂದು ಮುಖವೂ ಇತ್ತು. ಅದು ಕಣ್ಣಿಗೆ ಕಾಣದು, ಮುಟ್ಟಿದರೆ ತಿಳಿಯದು, ನೋವನ್ನೂ ಕೊಡದು. ಹಾಗಾಗಿ ಅಪಾಯವಿಲ್ಲ ಎಂದೇ ಹಲವರು ನಂಬಿದರು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಎಡ್ಮಂಡ್ ಕೆಲ್ಸ್ ರೋಗಿಗಳ ಹಲ್ಲಿನ ಎಕ್ಸ್-ರೇ ತೆಗೆಯುವ ಮೊದಲು ನಳಿಕೆ ಸರಿಯಾಗಿದೆಯೇ ಎಂದು ತಮ್ಮ ಕೈಯನ್ನೇ ಅಡ್ಡ ಹಿಡಿದು ನೋಡುತ್ತಿದ್ದರು. ವರ್ಷಗಟ್ಟಲೆ ಹೀಗೆ ಮಾಡಿದ್ದರಿಂದ ಅವರ ಕೈಗೆ ಕ್ಯಾನ್ಸರ್ ಬಂತು. ಮೊದಲು ಬೆರಳುಗಳು, ಆಮೇಲೆ ಕೈ, ಕೊನೆಗೆ ತೋಳನ್ನೇ ಕತ್ತರಿಸಬೇಕಾಯಿತು. 1928ರಲ್ಲಿ ಅವರು ತೀರಿಕೊಂಡರು. ಇಂಥ ಅನೇಕರ ನೋವಿನಿಂದ ಜಗತ್ತು ಪಾಠ ಕಲಿಯಿತು. ಅಗತ್ಯವಿದ್ದಾಗ ಮಾತ್ರ, ಎಷ್ಟು ಬೇಕೋ ಅಷ್ಟೇ ಕಿರಣ ಬಳಸಬೇಕು ಎಂಬ ನಿಯಮ ಬಂತು. ಎಕ್ಸ್-ರೇ ತೆಗೆಯುವವರು ಗುಂಡಿ ಒತ್ತುವಾಗ ಗೋಡೆಯ ಆಚೆ ನಿಲ್ಲುವುದು ಏಕೆಂದು ಈಗ ತಿಳಿಯಿತಲ್ಲವೇ? ಅವರು ದಿನವೂ ಎಷ್ಟೋ ಮಂದಿಗೆ ಎಕ್ಸ್-ರೇ ತೆಗೆಯುತ್ತಾರೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಿರಣ ತಾಗಿದರೆ ಅದು ಅವರಿಗೆ ಒಳ್ಳೆಯದಲ್ಲ.

ಎಲ್ಲ ಹಲ್ಲು ಒಂದೇ ಚಿತ್ರದಲ್ಲಿ

ಬಾಯಲ್ಲಿ ಸಣ್ಣ ಫಿಲ್ಮ್ ಇಟ್ಟು ತೆಗೆದರೆ ಎರಡು ಮೂರು ಹಲ್ಲುಗಳು ಚೆನ್ನಾಗಿ ಕಾಣುತ್ತವೆ. ಆದರೆ ಎರಡೂ ದವಡೆಗಳನ್ನು ಪೂರ್ತಿ ನೋಡಬೇಕೆಂದರೆ? ಇಲ್ಲಿ ಒಂದು ತೊಡಕಿದೆ. ನಮ್ಮ ಹಲ್ಲಿನ ಸಾಲು ನೇರವಾಗಿಲ್ಲ, ಕುದುರೆ ಲಾಳದಂತೆ ಬಾಗಿದೆ. ಪಕ್ಕದಿಂದ ಚಿತ್ರ ತೆಗೆದರೆ ಎಡಗಡೆಯ ಹಲ್ಲುಗಳ ಮೇಲೆ ಬಲಗಡೆಯ ಹಲ್ಲುಗಳ ನೆರಳು ಬೀಳುತ್ತದೆ.

ಗೌರಸಮುದ್ರದ ಮಾರಮ್ಮನ ಜಾತ್ರೆಯನ್ನು ನೆನೆದುಕೊಳ್ಳಿ. ಉರುಮೆ ಬಾರಿಸುವವರ ಸುತ್ತ ಜನ ಬಳಸಿ ನಿಂತಿದ್ದಾರೆ. ನೀವು ಹೊರಗೆ ಒಂದು ಕಡೆ ನಿಂತು ಫೋಟೋ ತೆಗೆದರೆ ಒಬ್ಬರ ಹಿಂದೆ ಒಬ್ಬರು ಮರೆಯಾಗುತ್ತಾರೆ. ಪ್ರತಿಯೊಬ್ಬರ ಮುಖವೂ ಬರಬೇಕಾದರೆ ಏನು ಮಾಡಬೇಕು? ಕ್ಯಾಮೆರಾ ಹಿಡಿದು ಸುತ್ತಿ ಬರುತ್ತಾ, ಒಬ್ಬೊಬ್ಬರನ್ನೇ ತೆಗೆದು, ಆ ಚಿತ್ರಗಳನ್ನು ಪಕ್ಕಪಕ್ಕ ಜೋಡಿಸಬೇಕು.

ದವಡೆಗೂ ಇದೇ ಉಪಾಯ. 1930ರ ದಶಕದಲ್ಲಿ ಜಪಾನಿನ ನುಮಾಟಾ ಎಂಬುವರು ಈ ದಿಕ್ಕಿನಲ್ಲಿ ಪ್ರಯತ್ನಿಸಿದರು. ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಯೂರ್ಯೋ ಪಾಟೆರೋ ಎಂಬ ದಂತವಿಜ್ಞಾನಿ 1940ರ ದಶಕದ ಕೊನೆಯಿಂದ ವರ್ಷಗಟ್ಟಲೆ ದುಡಿದು ಅದನ್ನು ಚೆನ್ನಾಗಿ ಕೆಲಸ ಮಾಡುವ ಯಂತ್ರವಾಗಿಸಿದರು. ಮೊದಮೊದಲು ಅವರ ಯಂತ್ರದಲ್ಲಿ ರೋಗಿಯೇ ಕುರ್ಚಿಯ ಸಮೇತ ತಿರುಗಬೇಕಾಗಿತ್ತು! ಆಮೇಲೆ ರೋಗಿ ಸುಮ್ಮನಿದ್ದು ಯಂತ್ರವೇ ತಿರುಗುವಂತಾಯಿತು. 1960ರ ದಶಕದ ಆರಂಭದಲ್ಲಿ ಇಂಥ ಯಂತ್ರಗಳು ಕಾರ್ಖಾನೆಯಲ್ಲಿ ತಯಾರಾಗಿ ಬೇರೆ ದೇಶಗಳಿಗೂ ಹೋದವು.

ಈ ಯಂತ್ರದ ತೋಳಿನ ಒಂದು ತುದಿಯಲ್ಲಿ ಎಕ್ಸ್-ರೇ ನಳಿಕೆ, ಇನ್ನೊಂದು ತುದಿಯಲ್ಲಿ ಫಿಲ್ಮ್. ಈಗ ಫಿಲ್ಮ್ ಬದಲು ಕಂಪ್ಯೂಟರ್‌ಗೆ ಚಿತ್ರ ಕಳಿಸುವ ಸಂವೇದಕ ಬಂದಿದೆ. ನಳಿಕೆ ನಿಮ್ಮ ತಲೆಯ ಹಿಂದೆ ಸಾಗಿದರೆ ಸಂವೇದಕ ಮುಖದ ಮುಂದೆ ಸಾಗುತ್ತದೆ. ಕಿರಣ ಸಣ್ಣ ಸೀಳಿನಿಂದ ತೆಳ್ಳಗೆ ಹೊರಬರುತ್ತದೆ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ದವಡೆಯ ಚಿತ್ರ ಪಟ್ಟಿ ಪಟ್ಟಿಯಾಗಿ ಮೂಡುತ್ತಾ ಹೋಗುತ್ತದೆ. ಇಷ್ಟಕ್ಕೂ ಬೇಕಾದ್ದು ಸುಮಾರು 15 ಸೆಕೆಂಡು.

ಬೆನ್ನುಮೂಳೆ ಅಡ್ಡ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ! ರಸ್ತೆಯಲ್ಲಿ ಸೈಕಲ್ ಹೋಗುವಾಗ ಸವಾರನ ಮೇಲೇ ಕಣ್ಣಿಟ್ಟು ಅವನ ಜೊತೆಗೇ ಕತ್ತು ತಿರುಗಿಸಿ ನೋಡಿ. ಸವಾರ ಸ್ಪಷ್ಟವಾಗಿ ಕಾಣುತ್ತಾನೆ, ಹಿಂದಿನ ಬೇಲಿ, ಗಿಡಗಳು ಮಸುಕಾಗುತ್ತವೆ. ಯಂತ್ರದ ಚಲನೆಯನ್ನೂ ಹಲ್ಲಿನ ಸಾಲಿಗೆ ಹೊಂದುವಂತೆ ಮಾಡಿದ್ದಾರೆ. ಆ ಸಾಲು ಸ್ಪಷ್ಟವಾಗಿ ಮೂಡುತ್ತದೆ, ಅದರ ಹಿಂದೆ ಮುಂದೆ ಇರುವುದು ಮಸುಕಾಗುತ್ತದೆ.

ಆದ್ದರಿಂದಲೇ ನೀವು ಯಂತ್ರದ ಮುಂದೆ ನಿಂತಾಗ ಗದ್ದವನ್ನು ಹೇಳಿದ ಜಾಗದಲ್ಲಿ ಇಟ್ಟು, ಕೊಟ್ಟ ಕಡ್ಡಿಯನ್ನು ಬಾಚಿಹಲ್ಲಿನಲ್ಲಿ ಕಚ್ಚಿ, ಅಲುಗಾಡದೆ ನಿಲ್ಲಬೇಕು. ಓಲೆ, ಮೂಗುತಿ, ಸರ, ಕೂದಲ ಪಿನ್ನು ತೆಗೆದಿಡಬೇಕು. ಇಲ್ಲವಾದರೆ ಲೋಹದ ನೆರಳು ಹಲ್ಲಿನ ಮೇಲೆ ಬೀಳುತ್ತದೆ. ಅನ್ನಾ ಬರ್ತಾ ಅವರ ಉಂಗುರ ನೆನಪಿದೆಯೇ?

ವೈದ್ಯರು ಅದರಲ್ಲಿ ಏನು ನೋಡುತ್ತಾರೆ?

ನಿಮ್ಮ ಹಾಲುಹಲ್ಲು ಬಿದ್ದಾಗ ಅಜ್ಜಿ ಅದನ್ನು ಸಗಣಿಯಲ್ಲಿಟ್ಟು ಮನೆ ಮಾಳಿಗೆಯ ಮೇಲೆ ಎಸೆಯಲು ಹೇಳಿರಬಹುದು. ಹೊಸ ಹಲ್ಲು ಚೆನ್ನಾಗಿ ಬರಲಿ ಎಂಬ ಆಸೆ. ಆ ಹೊಸ ಹಲ್ಲು ಆಗಲೇ ದವಡೆಯೊಳಗೆ ಬೆಳೆಯುತ್ತಿರುತ್ತದೆ. ಹಾಲುಹಲ್ಲುಗಳು 20. ಸುಮಾರು 6ನೇ ವಯಸ್ಸಿನಿಂದ ಅವು ಒಂದೊಂದಾಗಿ ಬಿದ್ದು, 12-13ರ ಹೊತ್ತಿಗೆ ಮುಗಿಯುತ್ತವೆ. ಶಾಶ್ವತ ಹಲ್ಲುಗಳು ಒಟ್ಟು 32. ಕೊನೆಯ ನಾಲ್ಕು ಬುದ್ಧಿ ಹಲ್ಲುಗಳು ಸಾಮಾನ್ಯವಾಗಿ 17 ವರ್ಷದ ನಂತರ ಬರುತ್ತವೆ. ಕೆಲವರಿಗೆ ಬರುವುದೇ ಇಲ್ಲ.

ನಿಮ್ಮ ವಯಸ್ಸಿನವರ ಪನೋರಮಿಕ್ ಚಿತ್ರ ನೋಡಿದರೆ ಸೋಜಿಗವಾಗುತ್ತದೆ. ಇನ್ನೂ ಬೀಳದ ಹಾಲುಹಲ್ಲಿನ ಬೇರಿನ ಕೆಳಗೇ ಶಾಶ್ವತ ಹಲ್ಲು ಸರದಿಗಾಗಿ ಕಾದಿರುತ್ತದೆ! ಯಾವ ಹಲ್ಲು ಇಲ್ಲವೇ ಇಲ್ಲ, ಯಾವುದು ಹೆಚ್ಚಾಗಿದೆ, ಯಾವುದು ಅಡ್ಡವಾಗಿ ಬೆಳೆದು ಪಕ್ಕದ ಹಲ್ಲನ್ನು ಒತ್ತುತ್ತಿದೆ ಎಂಬುದು ವೈದ್ಯರಿಗೆ ತಿಳಿಯುತ್ತದೆ. ಮರದಿಂದಲೋ ಸೈಕಲ್ಲಿಂದಲೋ ಬಿದ್ದವರ ದವಡೆ ಮುರಿದಿದ್ದರೆ ಎಲ್ಲಿ ಬಿರುಕು ಎಂದು ಕಾಣುತ್ತದೆ. ದವಡೆ ಮೂಳೆಯೊಳಗೆ ಸದ್ದಿಲ್ಲದೆ ಬೆಳೆಯುವ ಗುಳ್ಳೆಗಳು, ಒಸಡಿನ ರೋಗದಿಂದ ಕರಗಿದ ಮೂಳೆ ಇವೂ ಕಾಣುತ್ತವೆ.

ಆದರೆ ಒಂದೇ ಚಿತ್ರ ಎಲ್ಲವನ್ನೂ ಹೇಳಲಾರದು. ಎರಡು ಹಲ್ಲುಗಳ ಸಂದಿಯಲ್ಲಿ ಆಗತಾನೇ ಶುರುವಾದ ಸಣ್ಣ ಹುಳುಕು ಇದರಲ್ಲಿ ತಪ್ಪಿಹೋಗಬಹುದು. ಅದಕ್ಕೆ ಬಾಯಿಯೊಳಗೆ ಇಡುವ ಸಣ್ಣ ಎಕ್ಸ್-ರೇಯೇ ಬೇಕು. ಇನ್ನು ಚಿತ್ರದುರ್ಗ ಜಿಲ್ಲೆಯ ಕೆಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಹಳದಿ, ಕಂದು ಕಲೆಗಳು ಮೂಡುತ್ತವೆ. ಅದನ್ನು ತಿಳಿಯಲು ಯಂತ್ರ ಬೇಡ, ವೈದ್ಯರ ಕಣ್ಣೇ ಸಾಕು. ಆ ಕಲೆ ಬೀಳುವುದು ಯಾವಾಗ ಗೊತ್ತೇ? ಹಲ್ಲು ಇನ್ನೂ ದವಡೆಯೊಳಗೆ, ಯಾರಿಗೂ ಕಾಣದೆ ರೂಪುಗೊಳ್ಳುತ್ತಿರುವಾಗ. ಆದ್ದರಿಂದ ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರಿದ್ದರೆ ಅವರಿಗೆ ಪರೀಕ್ಷಿಸಿದ ಒಳ್ಳೆಯ ನೀರನ್ನೇ ಕೊಡಬೇಕು.

ಒಂದು ಪನೋರಮಿಕ್ ಚಿತ್ರಕ್ಕೆ ಬಳಸುವ ಕಿರಣ ಬಹಳ ಕಡಿಮೆ. ಮಣ್ಣು, ಕಲ್ಲು, ಆಕಾಶದಿಂದ ನಮ್ಮೆಲ್ಲರಿಗೂ ಸಹಜವಾಗಿ ಕೆಲವೇ ದಿನಗಳಲ್ಲಿ ತಾಗುವ ವಿಕಿರಣದಷ್ಟು. ಹಾಗೆಂದು ಸುಮ್ಮಸುಮ್ಮನೆ ತೆಗೆಸಬಾರದು. ವೈದ್ಯರು ಬಾಯಿ ನೋಡಿ, ಬೇಕೆಂದಾಗ ಹೆದರದೆ ತೆಗೆಸಬೇಕು.

ಕೊನೆಯ ದಿನಗಳು

ರಾಂಟ್ಜೆನ್ 1900ರಲ್ಲಿ ಮ್ಯೂನಿಕ್ ನಗರಕ್ಕೆ ಹೋದರು. ಹೆಸರಿನ ಮುಂದೆ ಹಾಕಿಕೊಳ್ಳುವ ಶ್ರೀಮಂತ ಮನೆತನದ ಬಿರುದನ್ನು ಕೊಡಲು ಬಂದಾಗ ಬೇಡವೆಂದರು. ಈ ಕಿರಣಗಳಿಗೆ ರಾಂಟ್ಜೆನ್ ಕಿರಣ ಎಂದು ಹೆಸರಿಡಬೇಕೆಂದು ಇತರರು ಹೇಳಿದರೂ ಅವರು ಎಕ್ಸ್ ಕಿರಣ ಎಂದೇ ಕರೆಯುತ್ತಿದ್ದರು.

1919ರಲ್ಲಿ ಅನ್ನಾ ಬರ್ತಾ ತೀರಿಕೊಂಡರು. ಮೊದಲ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಬೆಲೆಗಳು ಗಗನಕ್ಕೇರಿದವು, ಕೂಡಿಟ್ಟ ಹಣಕ್ಕೆ ಬೆಲೆಯೇ ಇಲ್ಲವಾಯಿತು. ಜಗತ್ತಿಗೆ ಅಷ್ಟು ದೊಡ್ಡ ಕೊಡುಗೆ ಕೊಟ್ಟ ರಾಂಟ್ಜೆನ್ ಮುಪ್ಪಿನಲ್ಲಿ ಕಷ್ಟಪಟ್ಟರು. ಕರುಳಿನ ಕ್ಯಾನ್ಸರ್‌ನಿಂದ 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ನಿಧನರಾದರು. 2004ರಲ್ಲಿ 111ನೇ ಮೂಲಧಾತುವಿಗೆ ಅವರ ನೆನಪಿಗಾಗಿ ರಾಂಟ್ಜೆನಿಯಂ ಎಂದು ಹೆಸರಿಟ್ಟರು. ಅವರು ಹಸಿರು ಬೆಳಕು ಕಂಡ ನವೆಂಬರ್ 8ನ್ನು ಪ್ರತಿ ವರ್ಷ ವಿಶ್ವ ರೇಡಿಯೋಗ್ರಫಿ ದಿನವೆಂದು ಆಚರಿಸುತ್ತಾರೆ.

ಮಕ್ಕಳೇ, ಮುಂದೆ ನೀವು ತಾಲ್ಲೂಕು ಆಸ್ಪತ್ರೆಗೋ ಚಿತ್ರದುರ್ಗದ, ದಾವಣಗೆರೆಯ ದಂತ ಕಾಲೇಜಿಗೋ ಹೋದಾಗ ಎಕ್ಸ್-ರೇ ಕೋಣೆಯ ಬಾಗಿಲು ಕಾಣಬಹುದು. ಆಗ ಇಬ್ಬರು ರಾಂಟ್ಜೆನ್‌ರನ್ನು ನೆನೆಸಿಕೊಳ್ಳಿ. ಒಬ್ಬರು ಸಣ್ಣ ಮಿನುಗೊಂದನ್ನು ಕಂಡು ಏಳು ವಾರ ಬಿಡದೆ ಪ್ರಶ್ನಿಸಿದ ವಿಜ್ಞಾನಿ. ಇನ್ನೊಬ್ಬರು ಕಂಡದ್ದನ್ನು ತನಗೇ ಇಟ್ಟುಕೊಳ್ಳದೆ ಎಲ್ಲರಿಗೂ ಹಂಚಿದ ಮನುಷ್ಯ. ಇಬ್ಬರೂ ಒಬ್ಬರೇ ಆಗಿದ್ದರಿಂದ ಅಂದು ಒಂದು ಕೋಣೆಯಲ್ಲಿ ಕಂಡ ಬೆಳಕು ಇಂದು ನಿಮ್ಮ ಬಾಯಿಯ ತನಕ ಬಂದಿದೆ.

ಮಾಡಿ ನೋಡಿ

1. ಕನ್ನಡಿ ಮುಂದೆ ಬಾಯಿ ತೆರೆದು ನಿಮ್ಮ ಹಲ್ಲುಗಳನ್ನು ಎಣಿಸಿ. ಎಷ್ಟು ಹಾಲುಹಲ್ಲು, ಎಷ್ಟು ಶಾಶ್ವತ ಹಲ್ಲು ಎಂದು ಶಿಕ್ಷಕರ ನೆರವಿನಿಂದ ಬರೆದಿಡಿ. ದವಡೆಯೊಳಗೆ ಇನ್ನೂ ಎಷ್ಟು ಹಲ್ಲು ಕಾದಿರಬಹುದು ಎಂದು ಲೆಕ್ಕ ಹಾಕಿ.

2. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ಹಿಡಿದು ಬೆಳಗಿಸಿ. ಬೆರಳುಗಳು ಕೆಂಪಗೆ ಕಾಣುತ್ತವೆ, ಮೂಳೆ ಮಾತ್ರ ಕಾಣುವುದಿಲ್ಲ. ಟಾರ್ಚ್ ಬೆಳಕಿಗೂ ಕ್ಷ-ಕಿರಣಕ್ಕೂ ಇರುವ ವ್ಯತ್ಯಾಸವನ್ನು ಗೆಳೆಯರೊಂದಿಗೆ ಚರ್ಚಿಸಿ.

3. ಒಂದು ಹಾಳೆಯ ಕೆಳಗೆ ನಾಣ್ಯ, ಎಲೆ, ಕೀಲಿಕೈ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ. ಮುಚ್ಚಿದ ವಸ್ತುವನ್ನು ನೋಡದೆಯೇ ಗುರುತಿಸಲು ಗೆಳೆಯರಿಗೆ ಹೇಳಿ.